ಅಸಲಿ ಯಾರು, ನಕಲಿ ಯಾರು?

ಕಳೆದ ಮಳೆಗಾಲದ ಒಂದು ಸಂಜೆ. ಬೆಳಗಾವಿಯ ಮಳೆ ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಟ್ಟೆ ಸರಿಯಾಗಿ ಒಣಗುವುದಿಲ್ಲ. ಆಜಂ ನಗರದ ನಮ್ಮ ಮನೆಯಲ್ಲಿ ಕರೆಂಟ್ ಹೋಗುತ್ತ ಬರುತ್ತ ಇತ್ತು. ಮೂಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಕಾರ್ಟೂನ್ ನೋಡುತ್ತಿದ್ದ ನಮ್ಮ ಹನ್ನೊಂದು ವರ್ಷದ ಮಗ ಥಟ್ಟನೆ ತಲೆಯೆತ್ತಿ ಕೇಳಿದ: “ಅಬ್ಬಾ, ಕ್ಲೋನ್‌ಗೆ ಆಧಾರ್ ಕಾರ್ಡ್ ಸಿಗ್ತದೇನು?”

ನಾವಿಬ್ಬರೂ ನಕ್ಕುಬಿಟ್ಟೆವು. ಅವನು ನಗಲಿಲ್ಲ. ತಾನು ನೋಡುತ್ತಿದ್ದ ಕಥೆ ಹೇಳಿದ. ಒಂದು ಗುಪ್ತ ಪ್ರಯೋಗಾಲಯದಲ್ಲಿ ಸೂಪರ್‌ಮ್ಯಾನ್‌ನ ಜೀವಕೋಶದಿಂದ ಒಬ್ಬ ಹುಡುಗನನ್ನು ತಯಾರಿಸಿದ್ದಾರೆ. ಅವನಿಗೆ ಹೆಸರಿಲ್ಲ, ಮನೆಯಿಲ್ಲ. ಅವನನ್ನು ಬಿಡಿಸಿಕೊಂಡು ಬಂದ ಗೆಳೆಯರು ಸೂಪರ್‌ಮ್ಯಾನ್‌ನ ಮುಂದೆ ನಿಲ್ಲಿಸಿದಾಗ ಆ ಮಹಾವೀರ ಮುಖ ತಿರುಗಿಸಿ ಹೊರಟು ಹೋಗುತ್ತಾನೆ. ಜಗತ್ತನ್ನೆಲ್ಲ ಕಾಪಾಡುವವನಿಗೆ ತನ್ನದೇ ಮುಖದ ಹುಡುಗನನ್ನು ಕಂಡರೆ ಭಯ!

ಸ್ವಲ್ಪ ಹೊತ್ತು ಸುಮ್ಮನಿದ್ದು ಮಗ ಇನ್ನೊಂದು ಮಾತು ಹೇಳಿದ: “ಅಮ್ಮಿ, ನಮ್ಮ ಕ್ಲಾಸಿನಾಗ ಒಬ್ಬ ನನಗ ಡೂಪ್ಲಿಕೇಟ್ ಮಗ ಅಂತಾನ.”

ಆಗ ನಮ್ಮ ನಗು ನಿಂತಿತು. ಈ ಲೇಖನವನ್ನು ನಾವು ಗಂಡ ಹೆಂಡತಿ ಇಬ್ಬರೂ ಸೇರಿ ಬರೆಯಲು ಆ ಮಾತೇ ಕಾರಣ.

ನಮ್ಮ ಮಗ ನಮ್ಮ ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ಯಾರೋ ತಾಯಿ ಆಸ್ಪತ್ರೆಯ ತೊಟ್ಟಿಲಲ್ಲಿ ಬಿಟ್ಟುಹೋದ ಕೂಸು. ಮಕ್ಕಳ ಕಲ್ಯಾಣ ಸಮಿತಿ ಅವನನ್ನು ದತ್ತು ಕೊಡಬಹುದೆಂದು ಘೋಷಿಸಿದ ಮೇಲೆ, ನ್ಯಾಯಾಲಯದ ಆದೇಶದ ಮೂಲಕ 2014ರ ಕೊನೆಯಲ್ಲಿ ನಮ್ಮ ಮನೆಗೆ ಬಂದ. ಆಗ ಅವನಿಗೆ ಐದು ತಿಂಗಳು. ಅದೇ ವರ್ಷದ ಫೆಬ್ರವರಿ 19ರಂದು ಸುಪ್ರೀಂ ಕೋರ್ಟು ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಬಾಲನ್ಯಾಯ ಕಾಯ್ದೆಯ ಅಡಿಯಲ್ಲಿ ಯಾವ ಧರ್ಮದವರೂ ದತ್ತು ಪಡೆಯಬಹುದು, ಬೇಡವೆಂದವರು ತಮ್ಮ ವೈಯಕ್ತಿಕ ಕಾನೂನಿನಂತೆ ನಡೆಯಬಹುದು, ಆದರೆ ದತ್ತು ಪಡೆಯುವುದನ್ನು ಮೂಲಭೂತ ಹಕ್ಕೆಂದು ಈಗಲೇ ಘೋಷಿಸಲಾಗದು ಎಂಬುದು ಅದರ ಸಾರ.

ಮನೆಯಲ್ಲಿ ಚರ್ಚೆ ನಡೆಯಿತು. ಅನಾಥನನ್ನು ಸಾಕುವುದು ದೊಡ್ಡ ಪುಣ್ಯ, ಆದರೆ ಅವನ ವಂಶವನ್ನು ಮುಚ್ಚಿಡಬಾರದು ಎಂದು ಹಿರಿಯರು ಹೇಳಿದರು. ನಾವು ಆ ಮಾತನ್ನು ಉಳಿಸಿಕೊಂಡೆವು. ಬುದ್ಧಿ ಬಂದ ದಿನದಿಂದಲೇ ಅವನಿಗೆ ನಿಜ ಹೇಳಿದೆವು. ಆಗ ಬಾಣಂತಿಯಾಗಿದ್ದ ಅವನ ಖಾಲಾ ತನ್ನ ಮಗಳ ಜೊತೆ ಇವನಿಗೂ ಹಾಲುಣಿಸಿದಳು. ನಮ್ಮ ಶರೀಅತ್ತಿನಲ್ಲಿ ಹಾಲಿನ ನಂಟೂ ಒಂದು ನಂಟು. ಅದು ರಕ್ತದ ನಂಟಿನಂತೆಯೇ ಮದುವೆಯನ್ನು ನಿಷೇಧಿಸುತ್ತದೆ, ಮನೆಯೊಳಗಿನ ಪರದೆಯನ್ನು ತೆಗೆಯುತ್ತದೆ. ಹೀಗೆ ಒಂದು ಕಡೆ ನ್ಯಾಯಾಲಯದ ಕಾಗದ, ಇನ್ನೊಂದು ಕಡೆ ಖಾಲಾಳ ಹಾಲು ಎರಡೂ ಸೇರಿ ಅವನನ್ನು ನಮ್ಮವನನ್ನಾಗಿ ಮಾಡಿದವು. ಆದರೂ ಹನ್ನೊಂದು ವರ್ಷಗಳ ಬಳಿಕ ಒಬ್ಬ ಸಹಪಾಠಿಯ ಒಂದೇ ಶಬ್ದ ಅವನ ನಿದ್ದೆ ಕೆಡಿಸಿತು.

ಆ ರಾತ್ರಿ ಅವನು ಮಲಗಿದ ಮೇಲೆ ನಾವು ಮಾತಾಡಿಕೊಂಡೆವು. ಅವನಿಗೆ ಉಪದೇಶ ಮಾಡುವುದು ಬೇಡ, ಅವನ ಪ್ರಶ್ನೆಗೇ ಉತ್ತರ ಹುಡುಕೋಣ ಎಂದು ನಿರ್ಧರಿಸಿದೆವು. ಅಂದಿನಿಂದ ಕೆಲವು ತಿಂಗಳು ನಮ್ಮ ಮನೆಯಲ್ಲಿ ಇಶಾ ನಮಾಝಿನ ನಂತರ ಕ್ಲೋನ್‌ಗಳದ್ದೇ ಮಾತು.

ಮೊದಲು ವಿಜ್ಞಾನ. ಸ್ಕಾಟ್ಲೆಂಡಿನಲ್ಲಿ 1996ರ ಜುಲೈ 5ರಂದು ಡಾಲಿ ಎಂಬ ಕುರಿಮರಿ ಹುಟ್ಟಿತು. ಬೆಳೆದ ಕುರಿಯೊಂದರ ಕೆಚ್ಚಲಿನ ಜೀವಕೋಶದ ತಿರುಳನ್ನು ಇನ್ನೊಂದು ಕುರಿಯ ಬರಿದು ಮಾಡಿದ ಅಂಡಾಣುವಿಗೆ ಸೇರಿಸಿ, ಮೂರನೆಯ ಕುರಿಯ ಗರ್ಭದಲ್ಲಿ ಬೆಳೆಸಿದ್ದರು. 277 ಅಂಡಾಣುಗಳಲ್ಲಿ ಜೀವ ತಳೆದು ಹುಟ್ಟಿದ್ದು ಅದೊಂದೇ. ನಮ್ಮ ದೇಶದಲ್ಲೂ 2009ರಲ್ಲಿ ಕರ್ನಾಲ್‌ನ ರಾಷ್ಟ್ರೀಯ ಹೈನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೋನ್ ಮಾಡಿದ ಎಮ್ಮೆಯ ಕರುಗಳನ್ನು ಹುಟ್ಟಿಸಿತು. ಮನುಷ್ಯನ ಕ್ಲೋನ್ ಮಾತ್ರ ಎಲ್ಲೂ ಹುಟ್ಟಿದ್ದಕ್ಕೆ ಪುರಾವೆಯಿಲ್ಲ. ಒಂದು ವೇಳೆ ಹುಟ್ಟಿದರೂ ಕಾಮಿಕ್ಸಿನಲ್ಲಿ ಬರುವಂತೆ ಗಾಜಿನ ತೊಟ್ಟಿಯಿಂದ ಮೀಸೆ ಹೊತ್ತ ಯುವಕನಾಗಿ ಹೊರಬರುವುದಿಲ್ಲ. ಒಬ್ಬ ತಾಯಿಯ ಗರ್ಭದಲ್ಲಿ ಒಂಬತ್ತು ತಿಂಗಳು ಇದ್ದು, ಅಳುತ್ತ ಹುಟ್ಟಿ, ತಾನೇ ಅಂಬೆಗಾಲಿಡಬೇಕು. ಅಂದರೆ ಕ್ಲೋನ್ ಎಂದರೆ ತಡವಾಗಿ ಹುಟ್ಟಿದ ಅವಳಿ, ಅಷ್ಟೆ. ಒಂದೇ ಅಂಡಾಣುವಿನಿಂದಾದ ಅವಳಿಗಳ ಬೆರಳಚ್ಚು ಕೂಡ ಬೇರೆ ಬೇರೆ. ಗರ್ಭದೊಳಗಿನ ಸಣ್ಣ ಸಣ್ಣ ವ್ಯತ್ಯಾಸಗಳಿಂದಲೇ ಆ ಗೆರೆಗಳು ಬದಲಾಗುತ್ತವೆ. ಹಾಗಾಗಿ ಆಧಾರ್ ಯಂತ್ರಕ್ಕೆ ಕ್ಲೋನ್ ಬೇರೆ ಮನುಷ್ಯನೇ. “ನೋಡು, ಯಂತ್ರಕ್ಕೂ ಗೊತ್ತದ” ಎಂದೆವು. ಮಗನಿಗೆ ಖುಷಿಯಾಯಿತು.

ಆದರೆ ತೊಡಕು ಯಂತ್ರದಲ್ಲಿಲ್ಲ, ಅರ್ಜಿಯಲ್ಲಿದೆ. ತಂದೆಯ ಹೆಸರು, ತಾಯಿಯ ಹೆಸರು ಎಂಬ ಸಾಲುಗಳಲ್ಲಿ ಕ್ಲೋನ್ ಏನು ಬರೆಯಬೇಕು? ನಮ್ಮ ಪೌರತ್ವ ಕಾಯ್ದೆಯ ಪ್ರಕಾರ 1987ರ ಜುಲೈ 1ರ ನಂತರ ಇಲ್ಲಿ ಹುಟ್ಟಿದವನ ಪೌರತ್ವಕ್ಕೆ ತಂದೆತಾಯಿಯ ಪೌರತ್ವವೂ ಬೇಕು. ತಂದೆ ಯಾರು, ತಾಯಿ ಯಾರು ಎಂಬುದೇ ಇತ್ಯರ್ಥವಾಗದಿದ್ದರೆ ಮಗು ಯಾವ ದೇಶದ್ದು? ಇದು ಬರೀ ಕಲ್ಪನೆಯಲ್ಲ. 2008ರಲ್ಲಿ ಗುಜರಾತಿನ ಆನಂದದಲ್ಲಿ ಬಾಡಿಗೆ ತಾಯಿಯ ಗರ್ಭದಿಂದ ಜರ್ಮನ್ ದಂಪತಿಗೆ ಅವಳಿ ಗಂಡುಮಕ್ಕಳು ಹುಟ್ಟಿದವು. ಬಾಡಿಗೆ ತಾಯ್ತನವನ್ನು ಒಪ್ಪದ ಜರ್ಮನಿ ಅವರನ್ನು ತನ್ನವರೆನ್ನಲಿಲ್ಲ. ಭಾರತವೂ ಪಾಸ್‌ಪೋರ್ಟಿಗೆ ತಕರಾರು ಮಾಡಿತು. ಹೆತ್ತ ತಾಯಿ ಭಾರತೀಯಳಾದ್ದರಿಂದ ಮಕ್ಕಳೂ ಭಾರತೀಯರು ಎಂದು 2009ರಲ್ಲಿ ಗುಜರಾತ್ ಹೈಕೋರ್ಟ್ ಹೇಳಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಮಕ್ಕಳು ಜರ್ಮನಿಗೆ ತೆರಳಲು ಸಾಧ್ಯವಾದದ್ದು 2010ರಲ್ಲಿ. ಎರಡು ವರ್ಷ ಆ ಎರಡು ಜೀವಗಳು ಎರಡು ಸರ್ಕಾರಗಳ ನಡುವಿನ ಕಡತವಾಗಿದ್ದವು. ಅವರು ಮಾಡಿದ ತಪ್ಪೆಂದರೆ ಹೊಸ ರೀತಿಯಲ್ಲಿ ಹುಟ್ಟಿದ್ದು.

ಇನ್ನು ಕಾಮಿಕ್ಸಿಗೆ ಬರೋಣ. ಇಂಥ ಕಥೆಗಳನ್ನು ನಾವು ಮಕ್ಕಳಾಟವೆಂದು ಬದಿಗಿಡುತ್ತಿದ್ದೆವು. ಮಗನ ಜೊತೆ ಕುಳಿತು ನೋಡಿದಾಗ ಅವುಗಳಲ್ಲಿ ನ್ಯಾಯದ ದೊಡ್ಡ ಪ್ರಶ್ನೆಗಳಿರುವುದು ಗೊತ್ತಾಯಿತು. ಸ್ಪೈಡರ್‌ಮ್ಯಾನ್ ಕಥೆಯಲ್ಲಿ 1975ರಲ್ಲೇ ಒಬ್ಬ ಪ್ರೊಫೆಸರ್ ನಾಯಕ ಪೀಟರ್ ಪಾರ್ಕರ್‌ನ ಕ್ಲೋನ್ ಮಾಡುತ್ತಾನೆ. ಸತ್ತನೆಂದು ತಿಳಿದಿದ್ದ ಆ ಕ್ಲೋನ್ 1994ರಲ್ಲಿ ಮರಳಿ ಬರುತ್ತಾನೆ. ಐದು ವರ್ಷ ಊರೂರು ಅಲೆದವನು. ಚಿಕ್ಕಪ್ಪನ ಹೆಸರನ್ನೂ ಚಿಕ್ಕಮ್ಮನ ತವರಿನ ಮನೆತನದ ಹೆಸರನ್ನೂ ಜೋಡಿಸಿ ಬೆನ್ ರೈಲಿ ಎಂದು ತಾನೇ ಹೆಸರಿಟ್ಟುಕೊಂಡವನು. ಆಮೇಲೆ ಕಥೆ ತಿರುಗುತ್ತದೆ. ಅಲೆದವನೇ ಅಸಲಿ, ಇಷ್ಟು ವರ್ಷ ಮನೆಯಲ್ಲಿದ್ದ ಪೀಟರನೇ ನಕಲಿ ಎಂದು ಪರೀಕ್ಷೆ ಹೇಳುತ್ತದೆ. ಆಗ ಪೀಟರನಿಗೆ ಮದುವೆಯಾಗಿದೆ, ಹೆಂಡತಿ ಬಸುರಿ. 1996ರಲ್ಲಿ ಮತ್ತೆ ತಿರುಗಿ, ಪೀಟರನೇ ಅಸಲಿ ಎಂದು ಮುಗಿಯುತ್ತದೆ.

ಈ ಕಥೆಯನ್ನು ಬರೆದವರು ಓದುಗರನ್ನು ಬೆರಗುಗೊಳಿಸಲು ಬರೆದಿರಬಹುದು. ನಮಗೆ ಮಾತ್ರ ಅದರಲ್ಲಿ ಒಂದು ಪಾಠ ಕಂಡಿತು. ಹಕ್ಕುಗಳೆಲ್ಲ ಅಸಲಿಗೆ ಮಾತ್ರ ಎಂದು ಕಾನೂನು ಹೇಳಿದ್ದರೆ, ಪ್ರಯೋಗಾಲಯದ ಒಂದು ಚೀಟಿಯಿಂದ ಪೀಟರನ ಮದುವೆ ಮುರಿಯುತ್ತಿತ್ತು, ಹುಟ್ಟಲಿರುವ ಮಗು ಅಪ್ಪನಿಲ್ಲದ್ದಾಗುತ್ತಿತ್ತು, ಕೆಲಸ, ಹೆಸರು, ಮನೆ ಎಲ್ಲ ಹೋಗುತ್ತಿತ್ತು. ಎರಡು ವರ್ಷದ ನಂತರ ಇನ್ನೊಂದು ಚೀಟಿ ಬಂದು ಎಲ್ಲವನ್ನೂ ಮರಳಿ ಕೊಡಬೇಕಾಗುತ್ತಿತ್ತು. ಆದರೆ ಆ ಹೆಂಡತಿ ಕೈಹಿಡಿದದ್ದು ಚೀಟಿಯನ್ನಲ್ಲ, ಆ ಮನುಷ್ಯನನ್ನು. ಹಾಗಾದರೆ ‘ಅಸಲಿ ಯಾರು’ ಎಂಬ ಪ್ರಶ್ನೆಯ ಮೇಲೆ ಯಾರ ಹಕ್ಕನ್ನೂ ನಿಲ್ಲಿಸಲಾಗದು. ಅಸಲಿ ಎಂದುಕೊಂಡವನ ಹಕ್ಕೂ ಅಲ್ಲಿ ಭದ್ರವಲ್ಲ.

ಇನ್ನೊಂದು ಘಟನೆ ಕಥೆಯೊಳಗಿನದಲ್ಲ, ನಿಜವಾದ ನ್ಯಾಯಾಲಯದ್ದು. ಎಕ್ಸ್‌ಮೆನ್ ಎಂಬ ಕಾಮಿಕ್ಸಿನಲ್ಲಿ ವಿಚಿತ್ರ ಶಕ್ತಿಯೊಂದಿಗೆ ಹುಟ್ಟಿದ ಜನ ‘ನಾವೂ ಮನುಷ್ಯರೇ’ ಎಂದು ಹೋರಾಡುತ್ತಾರೆ. ಆ ಪಾತ್ರಗಳ ಗೊಂಬೆಗಳನ್ನು ಅಮೆರಿಕಕ್ಕೆ ಆಮದು ಮಾಡುವಾಗ ಸುಂಕದ ತಕರಾರು ಎದ್ದಿತು. ಅಲ್ಲಿನ ಅಂದಿನ ನಿಯಮದಲ್ಲಿ ಮನುಷ್ಯರೂಪದ ಗೊಂಬೆಗೆ 12 ಪ್ರತಿಶತ ಸುಂಕ, ಬೇರೆ ಆಟಿಕೆಗೆ 6.8 ಪ್ರತಿಶತ. ಟಾಯ್ ಬಿಜ್ ಎಂಬ ಆ ಕಂಪನಿ ಸುಂಕ ಉಳಿಸಲು ‘ಇವರು ಮನುಷ್ಯರಲ್ಲ’ ಎಂದು ವಾದಿಸಿತು. 2003ರ ಜನವರಿಯಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ ಆ ವಾದವನ್ನು ಒಪ್ಪಿತು. ಕಥೆಯಲ್ಲಿ ಮನುಷ್ಯರಾಗಲು ಹೋರಾಡಿದವರು ಐದು ಪ್ರತಿಶತ ಸುಂಕಕ್ಕಾಗಿ ಮನುಷ್ಯತ್ವ ಕಳೆದುಕೊಂಡರು. ಗೊಂಬೆಗಳಿಗೆ ಇದರಿಂದ ನೋವಾಗಲಿಲ್ಲ ನಿಜ. ಆದರೆ ಲಾಭವಿದ್ದಾಗ ‘ಇವನು ಮನುಷ್ಯನಲ್ಲ’ ಎನ್ನುವುದು ಎಷ್ಟು ಸುಲಭ ಎಂಬುದಕ್ಕೆ ಇದು ಸಾಕ್ಷಿ. 2017ರ ‘ಲೋಗನ್’ ಚಿತ್ರದ ಪುಟ್ಟ ಹುಡುಗಿ ಲಾರಾ ಕೂಡ ಹೀಗೆಯೇ. ವುಲ್ವರಿನ್ ಎಂಬ ವೀರನ ಜೀವಕೋಶದಿಂದ ಅವಳನ್ನು ಮಾಡಿದ ಕಂಪನಿಗೆ ಅವಳು ಮಗುವಲ್ಲ, ಆಸ್ತಿ.

ಹಾಗಾದರೆ ನಿಜವಾದ ಕಾನೂನು ಏನು ಹೇಳುತ್ತದೆ? 1997ರಲ್ಲಿ ಯುನೆಸ್ಕೊ, 2005ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಾನವ ಕ್ಲೋನಿಂಗ್ ವಿರುದ್ಧ ಘೋಷಣೆ ಹೊರಡಿಸಿದವು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಸ್ಟೆಮ್ ಸೆಲ್ ಮಾರ್ಗಸೂಚಿಗಳು ಅದನ್ನು ನಿಷೇಧಿಸಿವೆ. ಇಸ್ಲಾಮಿ ಫಿಕ್ಹ್ ಅಕಾಡೆಮಿಯೂ 1997ರ ಜಿದ್ದಾ ಅಧಿವೇಶನದಲ್ಲಿ ಮಾನವ ಕ್ಲೋನಿಂಗ್ ನಿಷಿದ್ಧವೆಂದಿತು. ಈ ನಿಷೇಧಗಳನ್ನು ನಾವು ಒಪ್ಪುತ್ತೇವೆ. ಮನುಷ್ಯನನ್ನು ಸರಕಿನಂತೆ ತಯಾರಿಸುವುದು ಯಾರಿಗೂ ಒಳ್ಳೆಯದಲ್ಲ. ಆದರೆ ಒಂದು ವಿಷಯ ಗಮನಿಸಿ. ಇವೆಲ್ಲ ಮಾಡುವವನಿಗೆ ‘ಮಾಡಬೇಡ’ ಎನ್ನುತ್ತವೆ. ಯಾರೋ ಮಾಡಿಯೇಬಿಟ್ಟು ಒಂದು ಕೂಸು ಹುಟ್ಟಿದರೆ, ಆ ಕೂಸಿನ ಗತಿ? ತಪ್ಪು ಮಾಡಿದವನ ಪಾಪ ಹುಟ್ಟಿದವನ ತಲೆಗೆ ಬರಬೇಕೇ?

ಇದಕ್ಕೆ ಉತ್ತರ ನಮಗೆ ಸಿಕ್ಕಿದ್ದು ಎರಡು ಕಡೆ. ಒಂದು, ನಮ್ಮ ಸಂವಿಧಾನದ 21ನೇ ವಿಧಿ. ವಾಕ್ ಸ್ವಾತಂತ್ರ್ಯದ 19ನೇ ವಿಧಿ ‘ನಾಗರಿಕ’ನ ಬಗ್ಗೆ ಹೇಳಿದರೆ, ಜೀವದ ಹಕ್ಕಿನ 21ನೇ ವಿಧಿ ‘ವ್ಯಕ್ತಿ’ಯ ಬಗ್ಗೆ ಹೇಳುತ್ತದೆ. ಆ ವ್ಯಕ್ತಿ ಯಾರ ಹೊಟ್ಟೆಯಲ್ಲಿ ಹೇಗೆ ಹುಟ್ಟಿದ ಎಂದು ಅದು ಕೇಳುವುದಿಲ್ಲ. ಎರಡನೆಯದು, ಫಿಕ್ಹ್ ಗ್ರಂಥಗಳಲ್ಲಿರುವ ‘ಲಕೀತ್’ ಎಂಬ ಅಧ್ಯಾಯ. ಲಕೀತ್ ಎಂದರೆ ದಾರಿಯಲ್ಲಿ ಸಿಕ್ಕಿದ, ತಂದೆತಾಯಿ ಗೊತ್ತಿಲ್ಲದ ಮಗು. ಖಲೀಫ ಉಮರರ ಕಾಲದಲ್ಲಿ ಅಬೂ ಜಮೀಲ ಎಂಬವರು ಇಂಥ ಒಂದು ಮಗುವನ್ನು ಎತ್ತಿಕೊಂಡು ಬಂದರು. ಈ ಮಗು ಸ್ವತಂತ್ರ, ಇದರ ಖರ್ಚು ಸಾರ್ವಜನಿಕ ಬೊಕ್ಕಸದ್ದು, ಇದನ್ನು ನೀನೇ ನೋಡಿಕೋ ಎಂಬರ್ಥದ ತೀರ್ಪನ್ನು ಖಲೀಫರು ಕೊಟ್ಟರು. ಗುಲಾಮಗಿರಿ ಇದ್ದ ಕಾಲ ಅದು. ಆ ಮಗು ಯಾರದೋ ಗುಲಾಮಳ ಕೂಸಾಗಿರಬಹುದಿತ್ತು. ಆದರೂ ಮಗುವಿಗೆ ‘ನೀನು ಸ್ವತಂತ್ರನೆಂದು ಸಾಬೀತು ಮಾಡು’ ಎನ್ನಲಿಲ್ಲ. ಅಲ್ಲ ಎನ್ನುವವನೇ ಪುರಾವೆ ತರಬೇಕು ಎಂದರು.

ನಮ್ಮ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಕಾಮಿಕ್ಸಿನ ಕ್ಲೋನ್ ಪ್ರತಿ ಕಥೆಯಲ್ಲೂ ತಾನು ಮನುಷ್ಯನೆಂದು ಸಾಬೀತು ಮಾಡುತ್ತ ಸಾಯುತ್ತಾನೆ. ಯಾರನ್ನೋ ಕಾಪಾಡಬೇಕು, ಪ್ರಾಣ ಕೊಡಬೇಕು, ಆಗ ಮಾತ್ರ ‘ಅವನೂ ನಮ್ಮವನೇ ಆಗಿದ್ದ’ ಎಂಬ ಮಾತು ಬರುತ್ತದೆ. ನ್ಯಾಯ ಇರಬೇಕಾದದ್ದು ತಿರುವುಮುರುವಾಗಿ. ಎದುರಿಗೆ ನಿಂತವನು ಮನುಷ್ಯನೆಂದೇ ಮೊದಲು ಒಪ್ಪಿ, ಸಾಬೀತಿನ ಹೊರೆಯನ್ನು ಅಲ್ಲಗಳೆಯುವವನ ಮೇಲೆ ಹಾಕಬೇಕು.

ಈ ಹೊರೆ ಎಷ್ಟು ಭಾರವೆಂದು ನಮಗೆ ಸ್ವಲ್ಪ ಗೊತ್ತು. ಮಗನ ದಾಖಲೆಗಾಗಿ ಒಂದು ಕಚೇರಿಗೆ ಹೋದಾಗ, ನ್ಯಾಯಾಲಯದ ಆದೇಶ ಮುಂದಿಟ್ಟರೂ “ಇದೆಲ್ಲ ಸರಿ, ಖರೇ ಅಪ್ಪನ ಹೆಸರು ಹೇಳ್ರಿ” ಎಂದು ಅಲ್ಲಿದ್ದವರು ಕೇಳಿದ್ದರು. ಆಗ ಅವನಿಗೆ ನಾಲ್ಕು ವರ್ಷ. ನಮ್ಮ ಬೆರಳು ಹಿಡಿದು ನಿಂತಿದ್ದ.

ನಮಗಿಂತ ನೂರು ಪಟ್ಟು ಹೆಚ್ಚು ಹೊತ್ತವರನ್ನು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ನಮ್ಮಲ್ಲೊಬ್ಬರ ತವರು ಖಾನಾಪುರ. ಮಳೆ ನಿಂತ ಮೇಲೆ ಮಗನನ್ನು ಕರೆದುಕೊಂಡು ನಾನಿಯನ್ನು ನೋಡಲು ಹೋದೆವು. ಮಲಪ್ರಭೆಯ ದಂಡೆಯ ಆ ಊರು ದಾಟಿ ದಕ್ಷಿಣಕ್ಕೆ ಹೋದರೆ ಕಾಡು. ಕಾಡಿನಾಚೆ ಉತ್ತರ ಕನ್ನಡದ ಹಳಿಯಾಳ, ಜೊಯಿಡಾ. ಈ ಕಾಡಂಚಿನ ಊರುಗಳಲ್ಲಿ ಸಿದ್ದಿಗಳಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಪಶ್ಚಿಮ ಕರಾವಳಿಗೆ ಬಂದವರು. ಅವರಲ್ಲಿ ಬಹಳ ಜನರನ್ನು ಪೋರ್ಚುಗೀಸರ ಗೋವೆಯಲ್ಲಿ ಸರಕಿನಂತೆ ಮಾರಲಾಗಿತ್ತು. ತಪ್ಪಿಸಿಕೊಂಡು ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಇಂದು ಹಿಂದೂಗಳು, ಮುಸ್ಲಿಮರು, ಕ್ರೈಸ್ತರು. ಲಾರಾಳ ಕಥೆಯಲ್ಲಿ ಮಗು ಕಂಪನಿಯ ಆಸ್ತಿಯಾಗಿದ್ದರೆ, ಇವರ ಪೂರ್ವಜರು ನಿಜವಾಗಿಯೇ ಒಡೆಯರ ಆಸ್ತಿಯಾಗಿದ್ದರು.

2003ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಆದರೆ ಉತ್ತರ ಕನ್ನಡ ಜಿಲ್ಲೆಯವರು ಮಾತ್ರ. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನು ಸೇರಿಸಲು ಸಂಸತ್ತಿಗೆ 2020ರವರೆಗೆ ಕಾಲ ಬೇಕಾಯಿತು. ಹದಿನೇಳು ವರ್ಷ! ನಮ್ಮ ಮಾಮೂನ ಗೆಳೆಯರೊಬ್ಬರು ಸಿದ್ದಿ. ಅವರ ಕಾಕಾನ ಮಕ್ಕಳು ಹಳಿಯಾಳದ ಕಡೆ ಇದ್ದಾರೆ. ಚಹಾ ಕುಡಿಯುತ್ತ ಅವರು ಹೇಳಿದರು: “ಒಂದ ಅಜ್ಜನ ಮೊಮ್ಮಕ್ಕಳ್ರೀ ನಾವು. ಗಡಿ ಆ ಕಡೆ ಇದ್ದಾವ ಸಿದ್ದಿ. ಈ ಕಡೆ ಇದ್ದಾವ ಬರೇ ಅರ್ಜಿದಾರ.” ರಕ್ತ ಒಂದೇ, ಮುಖ ಒಂದೇ, ನಡುವೆ ಒಂದು ಜಿಲ್ಲೆಯ ಗೆರೆ. ಆ ಹದಿನೇಳು ವರ್ಷಗಳಲ್ಲಿ ಶಾಲೆ ಮುಗಿಸಿದ ಈ ಕಡೆಯ ಮಕ್ಕಳಿಗೆ ತಪ್ಪಿದ ಸೀಟು, ತಪ್ಪಿದ ನೌಕರಿಯನ್ನು ಯಾವ ತಿದ್ದುಪಡಿಯೂ ಮರಳಿ ಕೊಡಲಾರದು. ಮಗ ಕಣ್ಣರಳಿಸಿ ಕೇಳುತ್ತಿದ್ದ.

ಮರುದಿನ ಅವನನ್ನು ಹಂಚು ಮಾಡುವ ಜಾಗಕ್ಕೆ ಕರೆದುಕೊಂಡು ಹೋದೆವು. ಖಾನಾಪುರದ ಕೆಂಪು ಮಣ್ಣು ಹೆಂಚಿಗೆ, ಗಡಿಗೆಗೆ ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಇದೇ ಊರಿನಲ್ಲಿದೆ. ಒಣಗಲು ಸಾಲಾಗಿ ಜೋಡಿಸಿಟ್ಟ ಹಂಚುಗಳನ್ನು ನೋಡಿ ಮಗ ಅಲ್ಲಿದ್ದ ಮುದುಕರನ್ನು ಕೇಳಿದ: “ಅಜ್ಜಾ, ಎಲ್ಲಾ ಒಂದ ಅಚ್ಚಿನ್ಯಾಗ ಮಾಡಿದ್ದಲ್ಲ, ಇದರಾಗ ಅಸಲಿ ಯಾವ್ದು?”

ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡನೇ ಸಲ ಕೇಳಿದಾಗ ನಕ್ಕರು. “ಅಸಲಿ ನಕಲಿ ಏನ್ ಬಂತೋ ತಮ್ಮಾ. ಸೋರದಂಗ ಮಳಿ ತಡದ್ರ ಸಾಕು, ಅದು ಹಂಚು” ಎಂದು ಮತ್ತೆ ಕೆಲಸಕ್ಕೆ ಬಾಗಿದರು.

ಊರಿಂದ ಬಂದ ಮೇಲೆ ನಾವು ಎರಡು ಕೆಲಸ ಮಾಡಿದೆವು. ಸಾಕುಮಗನಿಗೆ ನಮ್ಮ ವಾರಸಾ ಕಾನೂನಿನಲ್ಲಿ ತಾನಾಗಿ ಪಾಲು ಬರುವುದಿಲ್ಲ. ವಸಿಯತ್ತು ಮೂರನೆಯ ಒಂದು ಭಾಗದವರೆಗೆ ಮಾತ್ರ. ಬದುಕಿರುವಾಗ ಕೊಡುವ ಹಿಬಾಕ್ಕೆ ಆ ಮಿತಿಯಿಲ್ಲ. ಆದ್ದರಿಂದ ಆಜಂ ನಗರದ ಮನೆಯ ಒಂದು ಭಾಗವನ್ನು ಅವನ ಹೆಸರಿಗೆ ಹಿಬಾ ಬರೆದೆವು. ನಾವು ಹೋದ ಮೇಲೆ ಅವನು ಯಾರ ಮುಂದೆಯೂ ಸಾಬೀತು ಮಾಡುತ್ತ ನಿಲ್ಲಬಾರದು. ಇನ್ನೊಂದು, ‘ಡೂಪ್ಲಿಕೇಟ್’ ಎಂದ ಆ ಸಹಪಾಠಿಯನ್ನು ಒಂದು ಭಾನುವಾರ ಊಟಕ್ಕೆ ಕರೆದೆವು. ಬಿರಿಯಾನಿ ತಿಂದು ಇಬ್ಬರೂ ಸಂಜೆಯವರೆಗೆ ಆಡಿದರು. ಆ ಮಾತು ಇನ್ನೆಂದೂ ಯಾರ ಬಾಯಿಂದಲೂ ಬರುವುದಿಲ್ಲ ಎಂದು ನಾವು ಹೇಳಲಾರೆವು. ಮದುವೆಯ ವಯಸ್ಸಿನಲ್ಲಿ ಬರಬಹುದು, ಆಸ್ತಿಯ ಮಾತಿನಲ್ಲಿ ಬರಬಹುದು.

ಮೊನ್ನೆ ಆ ಕಾರ್ಟೂನಿನ ಮುಂದಿನ ಕಂತುಗಳನ್ನು ಮೂವರೂ ಕೂಡಿ ನೋಡಿದೆವು. ಆ ಹುಡುಗನಿಗೆ ಕೊನರ್ ಎಂಬ ಹೆಸರಿಟ್ಟವರು ಅವನ ಜೊತೆಗಿದ್ದವರೇ. ಸೂಪರ್‌ಮ್ಯಾನ್ ಹತ್ತಿರ ಬರಲು ಇನ್ನೂ ಬಹಳ ಕಾಲ ಹಿಡಿಯುತ್ತದೆ. “ಕಡಿಗೆ ಅವನನ್ನ ತಮ್ಮ ಅಂತ ಒಪ್ಕೋತಾನ, ಚಿಂತಿ ಮಾಡಬ್ಯಾಡ” ಎಂದು ನಾವು ಸಮಾಧಾನ ಹೇಳಿದೆವು.

ಮಗ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ: “ಒಪ್ಪದಿದ್ರೂ ಅವ ಮನಶ್ಯಾನ ಅಲ್ಲೇನು?”

ಹೌದು ಎಂದೆವು. ನಾವು ಇಷ್ಟು ದಿನ ಹುಡುಕಿದ ಉತ್ತರ ಅದೇ ಆಗಿತ್ತು.